ಮಾತಿನಮಲ್ಲಿ ಇಂಗ್ಲಿಷ್ ಕಲಿತದ್ದು

ಅವಳನ್ನು ಮನೆಯಲ್ಲಿ ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಅತ್ತೆ. ಮದುವೆಯಾಗಿ ಬಂದ ವಾರದಲ್ಲೇ ಇಟ್ಟರು, ಮತ್ತೆ ಅದನ್ನು ವಾಪಸು ತೆಗೆದುಕೊಳ್ಳುವ ಪ್ರಸಂಗವೇ ಬರಲಿಲ್ಲ. ಎದ್ದರೆ ಮಾತು, ಕೂತರೆ ಮಾತು. ಒಲೆಯ ಮೇಲಿನ ಹಾಲಿನ ಜೊತೆಗೂ ಮಾತಾಡುವವಳು, ಮಾತಿನ ಭರದಲ್ಲಿ ಹಾಲು ಉಕ್ಕಿದರೆ ಹಾಲಿಗೇ ಬೈಯುವವಳು. ಅಂಥವಳು ಒಂದಿಡೀ ಚಳಿಗಾಲ ಬಾಯಿಗೆ ಬೀಗ ಹಾಕಿಕೊಂಡಿದ್ದಳು ಅಂದರೆ ಯಾರಾದರೂ ನಂಬುತ್ತಾರೆಯೇ? ಹಾಕಿಕೊಂಡಿದ್ದಳು. ಅದಕ್ಕೆ ಕಾರಣ ಇಂಗ್ಲಿಷ್.

ಊರು ಬಿಟ್ಟು ಬಂದು ನೆಲೆಸಿದ ಪರದೇಶದಲ್ಲಿ ಅವಳ ಕೆಲಸ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲಿ ಉರುಳೆಯ ಇಸ್ತ್ರಿ ಯಂತ್ರವೊಂದಿದೆ. ಒಂದು ಕಡೆಯಿಂದ ಒದ್ದೆ ಬೆಡ್‌ಶೀಟನ್ನು ಒಳಗೆ ಬಿಟ್ಟರೆ ಇನ್ನೊಂದು ಕಡೆಯಿಂದ ಬಿಸಿಬಿಸಿಯಾಗಿ, ಒಂದು ಸುಕ್ಕೂ ಇಲ್ಲದೆ ಹೊರಗೆ ಬರುತ್ತದೆ. ಅದನ್ನು ಮಡಿಸಲು ಇಬ್ಬರು ಬೇಕೇ ಬೇಕು. ಆಚೆಯ ಎರಡು ಮೂಲೆ ಒಬ್ಬಳಿಗೆ, ಈಚೆಯ ಎರಡು ಮೂಲೆ ಇನ್ನೊಬ್ಬಳಿಗೆ. ಎಳೆದು ಬಿಗಿ ಮಾಡಬೇಕು, ಉದ್ದಕ್ಕೆ ಮಡಚಬೇಕು, ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಸೇರಿಸಿದ ಕೂಡಲೇ ಒಬ್ಬಳು ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ ಸರಿಯಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ, ಹತ್ತಿರ ಬರುವುದು, ದೂರ ಹೋಗುವುದು.

ಆ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದವಳು ಉದ್ದಕ್ಕ. ಹೆಸರು ಬೇರೆಯೇ ಇತ್ತು, ಆದರೆ ಆಳು ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ನಮ್ಮ ಮಲ್ಲಿ ಅವಳ ಭುಜಕ್ಕೂ ಬರುವುದಿಲ್ಲ. ಹಾಗಾಗಿ ಮಲ್ಲಿಯ ಬಾಯಲ್ಲಿ ಅವಳು ಉದ್ದಕ್ಕನಾದಳು. ಉದ್ದಕ್ಕನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಗೊತ್ತಿಲ್ಲ. ಮಲ್ಲಿಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಇಬ್ಬರೂ ವರ್ಷಗಟ್ಟಲೆ ಹರಟೆ ಹೊಡೆದರು.

ಹೇಗೆ ಅಂತ ಕೇಳಬೇಡಿ. ಹೊಡೆದರು, ಅಷ್ಟೆ. ಮಲ್ಲಿ ಕನ್ನಡದಲ್ಲಿ ಶುರು ಮಾಡುವಳು: "ಕೇಳು ಉದ್ದಕ್ಕ, ನಿನ್ನೆ ನಮ್ಮತ್ತೆ ಏನ್ ಮಾಡಿದ್ರು ಗೊತ್ತಾ? ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಮನೆಯೆಲ್ಲಾ ಕನ್ನಡಕ ಹುಡುಕಿದ್ರು. ನಾನೇ ಬಚ್ಚಿಟ್ಟಿದೀನಿ ಅಂತ ನನ್ ಮೇಲೆ ಹಾರಾಡಿದ್ರು!" ಉದ್ದಕ್ಕ ಬಿದ್ದು ಬಿದ್ದು ನಗುವಳು. ಆಮೇಲೆ ಅವಳು ಇಂಗ್ಲಿಷಿನಲ್ಲಿ ಏನೋ ಹೇಳುವಳು, ಕೈ ಆಡಿಸುವಳು, ಹುಬ್ಬು ಏರಿಸುವಳು. ಮಲ್ಲಿ "ಅಯ್ಯೋ, ಹೌದಾ! ಆಮೇಲೆ?" ಎನ್ನುವಳು. ಗಂಡನ ಗೊರಕೆ, ಮಗಳ ಹಟ, ತನ್ನ ಮಂಡಿನೋವು, ಯಾರಿಗೂ ಹೇಳಲಾಗದ್ದನ್ನೆಲ್ಲ ಮಲ್ಲಿ ಆ ಬೆಡ್‌ಶೀಟಿನ ಆಚೆ ತುದಿಗೆ ಹೇಳಿದಳು. ಗುಟ್ಟು ರಟ್ಟಾಗುವ ಭಯವಂತೂ ಇರಲಿಲ್ಲ.

ಇಂಗ್ಲಿಷ್ ಕಲಿಯುವ ಹುಚ್ಚು ಹತ್ತಿದ್ದು ಉದ್ದಕ್ಕ ಅತ್ತ ದಿನ. ಮಳೆಗಾಲ ಮುಗಿಯುತ್ತಾ ಬಂದಿತ್ತು. ನಡುವೆ ವಾರವೊಂದು ಉದ್ದಕ್ಕ ಕೆಲಸಕ್ಕೆ ಬಂದಿರಲಿಲ್ಲ, ಬಂದ ದಿನ ಮುಖ ಸೊರಗಿತ್ತು. ಮಲ್ಲಿ ಎಂದಿನಂತೆ ಅತ್ತೆಯ ಪುರಾಣ ತೆಗೆದಳು. ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬಂದ ಉದ್ದಕ್ಕ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಏನೇನೋ ಹೇಳಿದಳು. ಮಲ್ಲಿ ಅವಳ ಬೆನ್ನು ಸವರಿದಳು, ನೀರು ಕುಡಿಸಿದಳು, "ಸುಮ್ನಿರು, ಎಲ್ಲಾ ಸರಿ ಹೋಗತ್ತೆ" ಎಂದಳು. ಆದರೆ ಏನು ಸರಿ ಹೋಗಬೇಕು? ಅದೇ ಗೊತ್ತಿಲ್ಲವಲ್ಲ! ಆ ರಾತ್ರಿ ಮಲ್ಲಿಗೆ ಊಟ ಸೇರಲಿಲ್ಲ.

"ಪಕ್ಕದಲ್ಲಿ ನಿಂತವಳು ಅಳ್ತಾ ಇದ್ರೆ ಯಾಕೆ ಅಂತ ಕೇಳೋಕೂ ಬಾರದ ಬಾಯಿ ಇದ್ದೇನು, ಬಿಟ್ಟೇನು?" ಎಂದಳು ಗಂಡನಿಗೆ.

"ನಿನ್ನ ಬಾಯಿ ಬಗ್ಗೆ ನೀನೇ ಹೀಗಂದಿದ್ದು ಇದೇ ಮೊದಲು" ಎಂದ ಗಂಡ.

ಬೀದಿಯ ಕೊನೆಯ ಗ್ರಂಥಾಲಯದ ಮಹಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ನಮ್ಮವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಲ್ಲಿ ಸೇರಿಕೊಂಡಳು. ಮೇಷ್ಟ್ರು ಒಳ್ಳೆಯವರು, ಆದರೆ ಶಿಸ್ತಿನ ಆಸಾಮಿ. ಮೊದಲ ದಿನವೇ ಎರಡು ಕಟ್ಟಪ್ಪಣೆ ಮಾಡಿದರು. "ಒಂದು, ಬಾಯಿ ತೆರೆಯೋ ಮೊದಲು ವಾಕ್ಯ ಪೂರ್ತಿ ಮನಸ್ಸಲ್ಲಿ ಕಟ್ಟಬೇಕು. ಎರಡು, ಇಂಗ್ಲಿಷಿನವರ ಮುಂದೆ ನಿಮ್ಮ ಭಾಷೆ ಒಂದಕ್ಷರ ಆಡಬಾರದು. ಆಡಿದಿರೋ, ಕಲಿತದ್ದೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!" ಮಲ್ಲಿ ಹುಟ್ಟಿದಾಗಿನಿಂದ ಯಾರ ಮಾತನ್ನೂ ಚಾಚೂ ತಪ್ಪದೆ ಪಾಲಿಸಿದವಳಲ್ಲ. ಮೇಷ್ಟ್ರ ಮಾತನ್ನು ಮಾತ್ರ ಪಾಲಿಸಿದಳು. ಅಲ್ಲೇ ಎಡವಟ್ಟಾದದ್ದು.

ಮರುದಿನದಿಂದ ಇಸ್ತ್ರಿ ಯಂತ್ರದ ಮುಂದೆ ಕನ್ನಡ ಬಂದ್. ಮಲ್ಲಿ ಮೂಲೆ ಹಿಡಿದು ನಿಂತು ತಲೆಯೊಳಗೆ ವಾಕ್ಯ ಕಟ್ಟತೊಡಗಿದಳು. ನೀನು ಅವತ್ತು ಯಾಕೆ ಅತ್ತೆ? ಇಷ್ಟೇ ಪ್ರಶ್ನೆ. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಯಾವುದು ಮುಂದೆ, ಯಾವುದು ಹಿಂದೆ? ಅವಳು ಒಂದೊಂದೇ ಪದ ಜೋಡಿಸುತ್ತಿದ್ದರೆ ಕೈ ತನ್ನಷ್ಟಕ್ಕೆ ಎಳೆಯುತ್ತಿತ್ತು, ಮಡಚುತ್ತಿತ್ತು, ಕಾಲು ನಡೆಯುತ್ತಿತ್ತು. ಉದ್ದಕ್ಕನ ಮುಖ ಹತ್ತಿರ ಬರುವ ಹೊತ್ತಿಗೆ ವಾಕ್ಯ ಅರ್ಧವಾಗಿರುತ್ತಿತ್ತು. ಪೂರ್ತಿಯಾಗುವ ಹೊತ್ತಿಗೆ ಉದ್ದಕ್ಕ ಮಡಿಕೆ ಹಿಡಿದು ಆಚೆ ಸರಿದಿರುತ್ತಿದ್ದಳು. ಯಂತ್ರದ ಗದ್ದಲದಲ್ಲಿ ಅಷ್ಟು ದೂರಕ್ಕೆ ಕೂಗಿ ಹೇಳಲು ಧೈರ್ಯವಿಲ್ಲ, ತಪ್ಪಾಗಿದ್ದರೆ? ಅಷ್ಟರಲ್ಲಿ ಇನ್ನೊಂದು ಬೆಡ್‌ಶೀಟ್ ಬಂದಿರುತ್ತಿತ್ತು.

ಉದ್ದಕ್ಕ ಮೊದಮೊದಲು ತಾನೇ ಮಾತಾಡಿಸಿದಳು. ಮಲ್ಲಿ ಹಣೆ ಗಂಟಿಕ್ಕಿಕೊಂಡು ಆಲಿಸಿ "ಯೆಸ್" ಎನ್ನುವಳು. ಇಲ್ಲವಾದರೆ "ನೋ". ಮೂಲೆ ಕೈಗಿತ್ತರೆ "ಥ್ಯಾಂಕ್ಯೂ". ಮೊದಲಿನ "ಅಯ್ಯೋ, ಹೌದಾ" ಇಲ್ಲ, ನಗು ಇಲ್ಲ. ವಾಕ್ಯ ಕಟ್ಟುವವರ ಮುಖ ಹೇಗಿರುತ್ತದೆ ಎಂದು ಮಲ್ಲಿ ಕನ್ನಡಿಯಲ್ಲಿ ನೋಡಿಕೊಂಡವಳಲ್ಲ. ನೋಡಿದ್ದರೆ ತಾನೇ ಹೆದರುತ್ತಿದ್ದಳು. ಬರಬರುತ್ತಾ ಉದ್ದಕ್ಕನೂ ಮಾತು ಕಡಿಮೆ ಮಾಡಿದಳು, ಕೊನೆಗೆ ನಿಲ್ಲಿಸಿದಳು. ಮಲ್ಲಿಗೆ ಒಳಗೊಳಗೆ ಸಂಕಟ. ಆದರೂ ಇನ್ನೊಂದಿಷ್ಟು ಕಲಿತರೆ ಎಲ್ಲವನ್ನೂ ಒಟ್ಟಿಗೇ ಕೇಳಿಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ದಿನ ಮಧ್ಯಾಹ್ನ ಮೇಲ್ವಿಚಾರಕಿ ಅವಳನ್ನು ಬದಿಗೆ ಕರೆದಳು. ನಿಧಾನವಾಗಿ, ಸಣ್ಣ ಸಣ್ಣ ಇಂಗ್ಲಿಷ್ ಪದಗಳಲ್ಲಿ ಹೇಳಿದಳು. ನಿನ್ನ ಜೊತೆಯವಳು ಬೇರೆ ಕೆಲಸ ಕೇಳಿದ್ದಾಳೆ. ನಿನಗೆ ಅವಳ ಮೇಲೆ ಸಿಟ್ಟಂತೆ, ಯಾಕೆಂದು ಅವಳಿಗೆ ಗೊತ್ತಿಲ್ಲವಂತೆ. ನಾಳೆ ಒಂದು ದಿನ ಇಲ್ಲಿರುತ್ತಾಳೆ, ಆಮೇಲೆ ಟವೆಲಿನ ಮೇಜಿಗೆ ಹೋಗುತ್ತಾಳೆ.

ಒಂದು ಪದವೂ ತಪ್ಪದೆ ಮಲ್ಲಿಗೆ ಪೂರ್ತಿ ಅರ್ಥವಾದ ಮೊಟ್ಟಮೊದಲ ಇಂಗ್ಲಿಷ್ ಮಾತು ಅದು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಟವೆಲಿನ ಮೇಜು ಗೋಡೆಗೆ ಅಂಟಿಕೊಂಡಿದೆ. ಟವೆಲ್ ಮಡಿಸಲು ಒಬ್ಬರೇ ಸಾಕು. ಅಲ್ಲಿ ನಿಂತವರು ಇಡೀ ದಿನ ಗೋಡೆ ನೋಡುತ್ತಾರೆ, ಯಾರ ಜೊತೆಗೂ ಮಾತಿಲ್ಲ. ಉದ್ದಕ್ಕ ಅದನ್ನು ಬಾಯಿಬಿಟ್ಟು ಕೇಳಿದ್ದಳು.

ಮನೆಗೆ ಬಂದವಳು ಚೀಲ ಇಳಿಸದೆ ಅಡುಗೆಮನೆಯಲ್ಲಿ ಕೂತಳು. ಮಗಳು ಪಕ್ಕದಲ್ಲಿ ಕೂತು ಇಡೀ ಕಥೆ ಕೇಳಿದಳು. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಮಾತಾಡಿ ಸಂಬಂಧ ಕೆಡಿಸ್ಕೊಂಡವರನ್ನ ನೋಡಿದೀನಿ ಕಣೇ. ಮಾತು ಕಲಿತು ಕೆಡಿಸ್ಕೊಂಡವಳು ನೀನೇ ಮೊದಲು" ಎಂದರು ಅತ್ತೆ. ಆದರೆ ಅವರ ದನಿಯಲ್ಲಿ ಎಂದಿನ ಮೊನಚು ಇರಲಿಲ್ಲ. ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು ಗೂಟಕ್ಕೆ ಹಾಕಿದರು.

ಮಗಳು ಒಂದು ವಾಕ್ಯ ಕಟ್ಟಿಕೊಟ್ಟಳು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ನಿನಗಾಗಿಯೇ ಇಂಗ್ಲಿಷ್ ಕಲಿಯುತ್ತಿದ್ದೆ. ಅದನ್ನು ಇಂಗ್ಲಿಷಿನಲ್ಲಿ ಮಲ್ಲಿ ಪಾತ್ರೆ ತೊಳೆಯುತ್ತಾ ಹೇಳಿದಳು, ಹಾಸಿಗೆ ಹಾಸುತ್ತಾ ಹೇಳಿದಳು. "ಅಮ್ಮಾ, ಸರಿಯಾಗೇ ಇದೆ, ಇಷ್ಟು ಸಾಕು" ಎಂದು ಮಗಳು ಅಂದರೂ ಬಿಡಲಿಲ್ಲ. ಗಂಡ ದಿಂಬಿನಿಂದ ತಲೆಯೆತ್ತಿ, "ನನಗೇ ಬಾಯಿಪಾಠ ಆಯ್ತು, ಬೇಕಾದ್ರೆ ನಾನೇ ಬಂದು ಹೇಳ್ತೀನಿ, ಮಲಗು" ಎಂದ.

ಮರುದಿನ ಯಂತ್ರ ಎಂದಿನಂತೆ ಬೆಡ್‌ಶೀಟ್ ಉಗುಳಿತು. ಇಬ್ಬರೂ ಮೂಲೆ ಹಿಡಿದರು. ಎಳೆದರು, ಮಡಚಿದರು. ಉದ್ದಕ್ಕ ನಡೆದು ಬಂದಳು, ಕಣ್ಣು ಕೆಳಗೆ. ಮಲ್ಲಿ ಬಾಯಿ ತೆರೆದಳು. ಮೊದಲ ಪದ ಬಂತು. ಎರಡನೆಯದು? ರಾತ್ರಿಯೆಲ್ಲ ನಾಲಿಗೆಯ ಮೇಲೆ ಕುಣಿದ ವಾಕ್ಯ ಎಲ್ಲೋ ಅಡಗಿ ಕೂತಿತ್ತು. ಉದ್ದಕ್ಕ ಒಂದು ಗಳಿಗೆ ಕಾದಳು, ಆಮೇಲೆ ಮಡಿಕೆ ಹಿಡಿದು ಹಿಂದಕ್ಕೆ ಸರಿದಳು. ಹೀಗೆಯೇ ಮತ್ತೊಂದು, ಮಗದೊಂದು. ಮಧ್ಯಾಹ್ನ ಕಳೆಯಿತು. ಒದ್ದೆ ಬಟ್ಟೆ ತುಂಬಿದ್ದ ಬಂಡಿಯ ತಳ ಕಂಡಿತು.

ಕೊನೆಕೊನೆಯ ಬೆಡ್‌ಶೀಟಿಗೆ ಮಲ್ಲಿ ವಾಕ್ಯದ ಮೊದಲ ಎರಡು ಪದಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊರಟಳು. ಅವನ್ನು ಹಿಡಿಯುವ ಭರದಲ್ಲಿ ಕೈಯಲ್ಲಿದ್ದ ಮೂಲೆ ಬಿಟ್ಟುಬಿಟ್ಟಳು. ಬಿಸಿ ಬೆಡ್‌ಶೀಟ್ ಒದ್ದೆ ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿತ್ತು. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಮತ್ತೆ ಒಗೆಯಬೇಕು, ಮತ್ತೆ ಒಣಗಿಸಬೇಕು.

"ಅಯ್ಯೋ ನನ್ನ ಕರ್ಮವೇ!" ಎಂದು ಮಲ್ಲಿ ಚೀರಿದಳು. ಅಲ್ಲಿಗೆ ಬೀಗ ಒಡೆಯಿತು. "ನೋಡು, ಎಲ್ಲಾ ನಿನ್ನಿಂದ್ಲೇ! ಯಾರಿಗೆ ಸಿಟ್ಟು? ನನಗಾ? ನಿನ್ ಮೇಲಾ? ಲೇ ಉದ್ದಕ್ಕ, ಇಷ್ಟುದ್ದ ಬೆಳೆದಿದ್ದೀಯ, ಅಷ್ಟೂ ತಿಳಿಯಲ್ವಾ ನಿಂಗೆ? ಅವತ್ತು ನೀನು ಅತ್ತೆಯಲ್ಲ, ಯಾಕೆ ಅಂತ ಕೇಳೋಣ ಅಂತ ಈ ವಯಸ್ಸಲ್ಲಿ ಬೆಂಚ್ ಮೇಲೆ ಕೂತು ಮೇಷ್ಟ್ರ ಕೈಲಿ ಬೈಸ್ಕೊಂಡೆ. ಅದು ಬಾಯಿಗೇ ಬರಲ್ಲ, ಏನ್ ಮಾಡ್ಲಿ? ಹೋಗ್ತಾಳಂತೆ ಗೋಡೆ ನೋಡೋಕೆ! ಹೋಗು, ಗೋಡೆ ಜೊತೆನೇ ಮಾತಾಡು. ನಾನು ಇಲ್ಲಿ ಯಾರ ಹತ್ರ ಹೇಳ್ಕೊಳ್ಲಿ?" ಹೇಳುತ್ತಾ ಹೇಳುತ್ತಾ ನೆಲದಲ್ಲಿ ಕುಕ್ಕರಿಸಿ ಬೆಡ್‌ಶೀಟನ್ನು ಬಾಚಿಕೊಳ್ಳತೊಡಗಿದಳು.

ತಲೆಯೆತ್ತಿ ನೋಡಿದರೆ ಉದ್ದಕ್ಕ ಎರಡೂ ಕೈಯಲ್ಲಿ ತನ್ನ ಮೂಲೆಗಳನ್ನು ಹಿಡಿದುಕೊಂಡೇ ನಿಂತಿದ್ದಳು. ನಗುತ್ತಿದ್ದಳು, ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಬಂದು ಮಲ್ಲಿಯ ಎದುರಿಗೇ ನೆಲದ ಮೇಲೆ ಕೂತಳು. ಮಾತಾಡಿದಳು, ಇಂಗ್ಲಿಷಿನಲ್ಲೇ. ಮಲ್ಲಿ ವಾಕ್ಯ ಕಟ್ಟುವ ಗೋಜಿಗೆ ಹೋಗದೆ ಸುಮ್ಮನೆ ಕೇಳಿದಳು. ಕೇಳುತ್ತಿದ್ದಂತೆ ಒಂದೊಂದೇ ಪದ ತಾನಾಗಿ ಬಂದು ಒಳಗೆ ಕೂತಿತು.

ಅಮ್ಮ, ಎಂದಳು ಉದ್ದಕ್ಕ. ನನ್ನಮ್ಮ. ಕಾಯಿಲೆ ಬಿದ್ದ ಮೇಲೆ ಅಮ್ಮನ ಮಾತು ಕೆಟ್ಟಿತು. ಮಾತಾಡುತ್ತಿದ್ದಳು, ಇಡೀ ದಿನ ಮಾತಾಡುತ್ತಿದ್ದಳು, ಒಂದು ಪದವೂ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹಾಸಿಗೆಯ ಪಕ್ಕ ಕೂತು ಹೌದಮ್ಮಾ, ಹೌದಮ್ಮಾ ಅನ್ನುತ್ತಿದ್ದೆ. ಅವಳು ನಕ್ಕರೆ ನಗುತ್ತಿದ್ದೆ. ಇಲ್ಲಿಗೆ ಬಂದರೆ ನೀನು. ನಿನ್ನದೂ ತಿಳಿಯುತ್ತಿರಲಿಲ್ಲ, ಆದರೆ ಹಾಗೆ ಕೇಳುವುದು ನನಗೆ ಅಭ್ಯಾಸವಾಗಿತ್ತು. ಮಳೆಗಾಲದಲ್ಲಿ ಅಮ್ಮ ಹೋದಳು. ಮನೆಯಲ್ಲಿ ಸದ್ದಿಲ್ಲ. ಹೇಗೋ ಇಲ್ಲಿ ನೀನಿದ್ದೀಯಲ್ಲ ಅಂದುಕೊಂಡೆ. ಆಮೇಲೆ ನೀನೂ ಸುಮ್ಮನಾದೆ.

ಮಲ್ಲಿಗೆ ಎಲ್ಲ ಪದಗಳೂ ಸಿಗಲಿಲ್ಲ. ಬೇಕಾದಷ್ಟು ಸಿಕ್ಕವು. ಅಷ್ಟು ಕಲಿಸಿದ ಮೇಷ್ಟ್ರಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು, ಅವರ ಎರಡೂ ಅಪ್ಪಣೆಗಳನ್ನು ಅಲ್ಲೇ ಗಾಳಿಗೆ ತೂರಿದಳು. ಉದ್ದಕ್ಕನ ಕೈ ಹಿಡಿದು ಇಂಗ್ಲಿಷಿನಲ್ಲಿ ಎರಡೇ ಪದ ಹೇಳಿದಳು, ಕಟ್ಟದೆ, ಜೋಡಿಸದೆ. ಹೋಗಬೇಡ ಎಂದಳು.

ಉದ್ದಕ್ಕ ಮೂಗೊರೆಸಿಕೊಂಡು ತಲೆಯಾಡಿಸಿದಳು. ಮೇಲ್ವಿಚಾರಕಿ ಅತ್ತಲಿಂದ ನೋಡಿ, ಏನಾಯಿತೆಂದು ಸನ್ನೆಯಲ್ಲೇ ಕೇಳಿದಳು. ಉದ್ದಕ್ಕ ಟವೆಲಿನ ಮೇಜಿನ ಕಡೆ ಬೆರಳು ತೋರಿಸಿ, ಬೇಡ ಎಂದು ಕೈಯಾಡಿಸಿದಳು.

ಇಬ್ಬರೂ ಎದ್ದು, ಕೊಳೆಯಾದ ಬೆಡ್‌ಶೀಟನ್ನು ಒಗೆಯುವ ಬುಟ್ಟಿಗೆ ಹಾಕಿ, ಯಂತ್ರದಿಂದ ಹೊರಬರುತ್ತಿದ್ದ ಕೊನೆಯದನ್ನು ಹಿಡಿದರು. ಆಚೆ ಎರಡು ಮೂಲೆ, ಈಚೆ ಎರಡು ಮೂಲೆ. ಎಳೆದು ಬಿಗಿ ಮಾಡಿದರು. ಮಲ್ಲಿ ಗಂಟಲು ಸರಿಮಾಡಿಕೊಂಡಳು.

"ಕೇಳು ಉದ್ದಕ್ಕ, ಇಡೀ ಚಳಿಗಾಲದ್ದು ಬಾಕಿ ಇದೆ. ನಮ್ಮತ್ತೆ ಏನೇನ್ ಮಾಡಿದ್ರು ಗೊತ್ತಾ?"

"ಅಯ್ಯೋ, ಹೌದಾ!" ಎಂದಳು ಉದ್ದಕ್ಕ, ಕನ್ನಡದಲ್ಲಿ. "ಆಮೇಲೆ?"