ನಡಾವಳಿಯಲ್ಲಿ ಎರಡು ಸಾಲು

"ಇದರಲ್ಲಿ ನನ್ನ ಹೆಸರೇ ಇಲ್ವಲ್ಲಮ್ಮ," ಎನ್ನುತ್ತ ವೆಂಡೆಲ್ ಸ್ಟೌಫರ್ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ಎಂಬತ್ತೊಂಬತ್ತರ ಮುದುಕ. ಎರಡು ಮಹಡಿ ಹತ್ತಿ ಬಂದಿದ್ದರಿಂದ ಮಾತಿಗಿಂತ ಉಸಿರೇ ಜೋರಾಗಿ ಕೇಳುತ್ತಿತ್ತು.

ಲೋಯಿಸ್ ಹೆಡ್ರಿಕ್ ಕುರ್ಚಿ ಎಳೆದು ಅವರನ್ನು ಕೂರಿಸಿದಳು. ಅವಳು ಆ ಕ್ರೈಸ್ತ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಇತಿಹಾಸ ಕಲಿಸುತ್ತಿದ್ದಳು. ತಾನು ಹುಟ್ಟಿ ಬೆಳೆದ ಆಲ್ಡರ್ ಕ್ರೀಕ್ ಚರ್ಚ್ ಸಭೆಯ ನೂರು ವರ್ಷದ ಚರಿತ್ರೆಯನ್ನು ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. 1961ರ ಅಧ್ಯಾಯವನ್ನು ವೆಂಡೆಲ್‌ಗೆ ಓದಲು ಕಳಿಸಿದವಳೂ ಅವಳೇ. ಆ ವರ್ಷ ಒಡೆಸ್ಸಾ ಪೆಟಿಫರ್ಡ್ ಎಂಬ ಕಪ್ಪು ವಿದ್ಯಾರ್ಥಿನಿ ಸಭೆಯ ಸದಸ್ಯತ್ವ ಕೇಳಿದ್ದಳು. ಸಭೆ ಕೊಟ್ಟಿರಲಿಲ್ಲ. ಅಂದಿನ ನಡಾವಳಿ ಬರೆದವರು ಇಪ್ಪತ್ತಾರರ ತರುಣ ವೆಂಡೆಲ್. ಆ ದಿನ ಒಳಗೆ ಕೂತವರಲ್ಲಿ ಈಗ ಉಳಿದವರು ಅವರೊಬ್ಬರೇ.

ಹೆಸರುಗಳನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ಚುನಾವಣೆಯ ವರ್ಷ, ಹಳೆಯ ಗಾಯ ಕೆದಕುವುದು ಬೇಡ ಎಂದು ಕಾಲೇಜಿನ ಡೀನ್ ನಯವಾಗಿ ಹೇಳಿದ್ದರು. 'ಸಭೆಯು ಒಪ್ಪಲಿಲ್ಲ' ಎಂದು ಬರೆದು ಮುಗಿಸಿದಾಗ ಅವಳಿಗೂ ಹಗುರವೆನಿಸಿತ್ತು.

"ಸಭೆ ಒಪ್ಪಲಿಲ್ಲ ಅಂತ ಬರ್ದಿದ್ದೀಯ. ಸಭೆಗೆ ಕೈ ಇರತ್ತಾ ಎತ್ತೋಕೆ? ಎತ್ತಿದ್ದು ನಾನು," ಎಂದರು ವೆಂಡೆಲ್. "ಸಂಡೇ ಸ್ಕೂಲಲ್ಲಿ ನಿಂಗೆ ಸುಳ್ಳು ಹೇಳಬಾರದು ಅಂತ ಕಲಿಸಿದ್ದೂ ನಾನೇ."

ಬಂದ ಕೆಲಸ ಅಷ್ಟೇ ಆಗಿರಲಿಲ್ಲ. ಒಡೆಸ್ಸಾ ಇನ್ನೂ ಇದ್ದಾರೆ, ಫೋರ್ಟ್ ವೇನ್ ನಗರದಲ್ಲಿ, ಫೋನ್ ಮಾಡಿದ್ದೆ, ಶನಿವಾರ ಮೂರು ಗಂಟೆಗೆ ಬನ್ನಿ ಅಂದಿದ್ದಾರೆ, ನನಗೆ ಕಾರು ಓಡಿಸುವ ಕಣ್ಣಿಲ್ಲ, ನೀನು ಕರ್ಕೊಂಡು ಹೋಗ್ತೀಯಾ ಎಂದು ಕೇಳಿದರು. ಲೋಯಿಸ್ ಇಲ್ಲವೆನ್ನಲಿಲ್ಲ.

ಶನಿವಾರ ಹೆದ್ದಾರಿಯ ಎರಡೂ ಕಡೆ ಮೆಕ್ಕೆಜೋಳ ಒಣಗಿ ನಿಂತಿತ್ತು. ವೆಂಡೆಲ್ ಸೂಟು ತೊಟ್ಟು, ಟೈ ಬಿಗಿದು, ಮಡಿಲಲ್ಲಿ ಟೋಪಿ ಇಟ್ಟುಕೊಂಡು ಕೂತಿದ್ದರು. ಅವರನ್ನು ಕೇಳಬೇಕಾದ್ದು ಲೋಯಿಸ್‌ಗೆ ಬೇಕಾದಷ್ಟಿತ್ತು. ಅವಳು ಸಭೆಯ ಕಡೆ ಕಾಲಿಡದೆ ಹನ್ನೊಂದು ತಿಂಗಳಾಗಿತ್ತು. ಯಾರೂ ಅವಳನ್ನು ಹೊರಗೆ ಹಾಕಿರಲಿಲ್ಲ. ಸಭೆಯ ವೇದಿಕೆಯಿಂದ ಒಬ್ಬ ಅಭ್ಯರ್ಥಿಯನ್ನು ದೇವರು ಆರಿಸಿದವನೆಂದು ಸಾರುವುದು ಸರಿಯಲ್ಲ, ರಾಜಕೀಯವನ್ನೇ ದೇವರ ಮಾತೆಂದು ತಿಳಿದು ನಮ್ಮ ಹಿರಿಯರು ಹಿಂದೊಮ್ಮೆ ಎಡವಿದ್ದರು ಎಂದು ಅವಳು ಊರಿನ ಪತ್ರಿಕೆಗೆ ಬರೆದಿದ್ದಳು. ಮುಂದಿನ ಭಾನುವಾರ ಅವಳ ಸಾಲಿನಲ್ಲಿ ಯಾರೂ ಕೂರಲಿಲ್ಲ. ಅದರ ಮುಂದಿನ ಭಾನುವಾರವೂ ಅಷ್ಟೇ. ಮೂರನೆಯದಕ್ಕೆ ಅವಳೇ ಹೋಗಲಿಲ್ಲ.

ಪಕ್ಕದ ಊರಿನ ದೊಡ್ಡ ಸಭೆಗೆ ನಾಲ್ಕು ವಾರ ಹೋಗಿ ನೋಡಿದ್ದಳು. ಅಲ್ಲಿ ಗಿಟಾರು, ಪರದೆಯ ಮೇಲೆ ಹಾಡಿನ ಸಾಲು. ಕೈ ಕುಲುಕಿದವರು ಮರುವಾರ ಮತ್ತೆ ಹೆಸರು ಕೇಳುತ್ತಿದ್ದರು. ತನ್ನ ಸಭೆಯಲ್ಲಾದರೆ ಬುಧವಾರ ಸಂಜೆಯ ಪ್ರಾರ್ಥನೆಯಲ್ಲಿ ಯಾರಾದರೊಬ್ಬರು ಎದ್ದು, ಲೋಯಿಸ್‌ಳ ಮಂಡಿ ನೋವು ವಾಸಿಯಾಗಲಿ ಕರ್ತನೇ ಎಂದು ಹೆಸರು ಹಿಡಿದೇ ಬೇಡುತ್ತಿದ್ದರು. ಆಗ ಅವಳಿಗೆ ನಾಚಿಕೆಯಾಗುತ್ತಿತ್ತು. ಈಗ ಬುಧವಾರ ಏಳು ಗಂಟೆಯಾದರೆ, ಮನೆಯಲ್ಲಿ ತಟ್ಟೆ ತೊಳೆಯುತ್ತ ನಿಂತವಳು ನಲ್ಲಿ ನಿಲ್ಲಿಸಿಬಿಡುತ್ತಿದ್ದಳು. ಅಲ್ಲಿ ಯಾರೋ ತನ್ನ ಪರವಾಗಿ ಏನೋ ಹೇಳುತ್ತಿರಬೇಕು ಎಂದುಕೊಳ್ಳುತ್ತಿದ್ದಳು.

ಒಡೆಸ್ಸಾ ಪೆಟಿಫರ್ಡ್ ತಾವೇ ಬಾಗಿಲು ತೆರೆದರು. ಎತ್ತರದ ಹೆಂಗಸು, ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದ ದನಿ. ವೆಂಡೆಲ್ ಬಾಗಿಲಲ್ಲೇ ತಡವರಿಸುತ್ತ ಕ್ಷಮೆ ಕೇಳಲು ಶುರುಮಾಡಿದರು.

"ಅದು ಆಮೇಲೆ," ಎಂದರು ಆಕೆ. "ಮೊದ್ಲು ಕೂತ್ಕೊಳ್ಳಿ. ಬಿದ್ದುಬಿಟ್ರೆ ಎತ್ತೋಕೆ ನನ್ ಕೈಲಾಗಲ್ಲ."

ಕಾಫಿ, ಪೆಕನ್ ಬೀಜದ ಕೇಕು ಕೊಟ್ಟರು. ಲೋಯಿಸ್ ಪುಸ್ತಕದ ವಿಷಯ ಹೇಳಿದಳು. ಒಡೆಸ್ಸಾ ಅದನ್ನು ಅರ್ಧ ಕೇಳಿ, ವೆಂಡೆಲ್ ಕಡೆಗೆ ತಿರುಗಿದರು. ಅಂದು ನನ್ನನ್ನು ಒಳಗೆ ಬಿಟ್ಟಿರಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ ಎಂದರು. ಮಾರ್ಚ್ ತಿಂಗಳ ಚಳಿ. ಬಾಗಿಲು ತೆರೆಯುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಪಾದ್ರಿ ಹೊರಗೆ ಬಂದು ಆಗಲಿಲ್ಲ ಮಗಳೇ ಎಂದಾಗ ಅವರು ಅಳಲಿಲ್ಲವಂತೆ.

"ಯಾಕೆ ಗೊತ್ತಾ? ಒಂದೂವರೆ ಗಂಟೆ! ಅಂದ್ರೆ ಒಳಗೆ ಯಾರೋ ನನ್ನ ಕಡೆ ನಿಂತು ಜಗಳ ಆಡಿದ್ದಾರೆ ಅಂದ್ಕೊಂಡೆ. ಒಬ್ರೋ, ಇಬ್ರೋ. ಅವರಿಗೋಸ್ಕರ ಎಷ್ಟೋ ವರ್ಷ ಪ್ರಾರ್ಥನೆ ಮಾಡಿದೀನಿ, ಹೆಸರು ಗೊತ್ತಿಲ್ದೇ ಇದ್ರೂನೂ." ಆಕೆ ಕಾಫಿ ಲೋಟ ಕೆಳಗಿಟ್ಟರು. "ಯಾರದು, ಹೇಳಿ. ಅಷ್ಟು ಹೇಳಿದ್ರೆ ಸಾಕು ನನಗೆ."

ವೆಂಡೆಲ್ ಟೋಪಿಯ ಅಂಚನ್ನು ಸುತ್ತ ತಿರುಗಿಸಿದರು. ನಡಾವಳಿ ಪುಸ್ತಕದ ಆ ಪುಟ ಲೋಯಿಸ್‌ಗೆ ಬಾಯಿಪಾಠವಾಗಿತ್ತು. ಒಬ್ಬ ಇದ್ದ, ಈಗಿಲ್ಲ, ಹೆಸರು ಬರೆದಿಟ್ಟಿಲ್ಲ ಎಂದುಬಿಡಬಹುದಿತ್ತು. ಎಂಬತ್ತಮೂರರ ಹೆಂಗಸಿಗೆ ಅಷ್ಟು ಕೊಟ್ಟರೆ ಯಾರ ಗಂಟು ಹೋಗುತ್ತಿತ್ತು?

"ಬಾಯ್ಲರ್ ಕೆಟ್ಟಿತ್ತು," ಎಂದಳು ಲೋಯಿಸ್. "ನೆಲಮಾಳಿಗೇದು, ಚರ್ಚನ್ನ ಬೆಚ್ಚಗಿಡೋದು. ಹೊಸದು ಹಾಕಿಸೋದಾ, ಹಳೇದನ್ನೇ ರಿಪೇರಿ ಮಾಡಿಸೋದಾ ಅಂತ ಆ ದಿನ ಚರ್ಚೆ ಆಗಿದೆ. ಅದಕ್ಕೆ ಎರಡೂವರೆ ಪುಟ. ನಿಮ್ಮ ವಿಷಯಕ್ಕೆ ಎರಡು ಸಾಲು."

"ಜಗಳ?"

"ಬಾಯ್ಲರಿಗೆ ಆಯ್ತು," ಎಂದರು ವೆಂಡೆಲ್, ನೆಲ ನೋಡುತ್ತ. "ನಿಮ್ಮ ವಿಷಯಕ್ಕೆ ಬೇಡ ಅಂತ ಎಲ್ಲರೂ ಕೈ ಎತ್ತಿದ್ವಿ. ಬರ್ಕೊಂಡೋನು ನಾನು."

ಒಡೆಸ್ಸಾ ಕಿಟಕಿಯತ್ತ ನೋಡಿದರು. ಬೀದಿಯಲ್ಲಿ ಯಾರೋ ಎಲೆ ಗುಡಿಸುತ್ತಿದ್ದರು. ಆಕೆ ಎದ್ದು, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಒಳಗಿಟ್ಟು ಬಂದರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಮೇಷ್ಟ್ರಮ್ಮನದೇ.

"ಪುಸ್ತಕದಲ್ಲಿ ಈತನ ಹೆಸರು ಹಾಕು," ಎಂದರು ಲೋಯಿಸ್‌ಗೆ. "ಬಾಯ್ಲರ್ ವಿಷಯಾನೂ ಬರಿ. ಅದನ್ನ ಬಿಡಬೇಡ."

ಆಮೇಲೆ ವೆಂಡೆಲ್ ಕ್ಷಮೆ ಕೇಳಿದರು. ಒಡೆಸ್ಸಾ ಕ್ಷಮಿಸಿದೆ ಎನ್ನಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಅವರ ಮೊಣಕೈ ಹಿಡಿದುಕೊಂಡು ಕಾರಿನವರೆಗೆ ಬಂದರು.

ಊರು ದಾಟಿ ಇಪ್ಪತ್ತು ಮೈಲಿ ಬಂದಿದ್ದರು. ಹೊತ್ತು ಇಳಿಯುತ್ತಿತ್ತು. ಕೇಳಬಾರದು, ಕೇಳಬಾರದು ಎಂದುಕೊಳ್ಳುತ್ತಲೇ ಲೋಯಿಸ್ ಕೇಳಿದಳು: "ನಾನು ಬರೋದು ಬಿಟ್ಟ ಮೇಲೆ, ಹಿರಿಯರ ಸಭೇಲಿ ನನ್ನ ಪರ ಯಾರಾದ್ರೂ ಮಾತಾಡಿದ್ರಾ?"

ವೆಂಡೆಲ್‌ಗೆ ಆ ದಿನ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನಿನ್ನ ವಿಷಯ ಬರಲೇ ಇಲ್ಲ, ಮಗಳೇ."

ಲೋಯಿಸ್ ತಲೆಯಾಡಿಸಿದಳು. ಇನ್ನೊಂದು ಮೈಲಿಯಾದ ಮೇಲೆ, ನಾಳೆ ಆರಾಧನೆಯಲ್ಲಿ ತಾವು ಎದ್ದು ನಿಂತು ಆ ಎರಡು ಸಾಲು ಓದುವುದಾಗಿ ವೆಂಡೆಲ್ ಹೇಳಿದರು. ಆಗ ಕಾಲು ನಡುಗಬಹುದು, ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು ಎಂದರು. ನೀನು ಬಾ ಎಂದು ಕೇಳಲಿಲ್ಲ. ಅವಳೂ ಬರುತ್ತೇನೆ ಎನ್ನಲಿಲ್ಲ. ಆರಾಧನೆ ಈಗಲೂ ಹತ್ತೂವರೆಗೇನಾ ಎಂದಷ್ಟೇ ಕೇಳಿದಳು.

ರಸ್ತೆಯ ಮುಂದೆ ಕೊಯ್ಲಿನ ದೊಡ್ಡ ಯಂತ್ರವೊಂದು ಸೋಯಾ ಹೊಲದಿಂದ ಹೊರಬಿದ್ದು, ದೀಪ ಮಿನುಗಿಸುತ್ತ ಆಮೆಯಂತೆ ಸಾಗುತ್ತಿತ್ತು. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ದಾಟಿ ಹೋಗಲು ಬೇಕಾದಷ್ಟು ಜಾಗವಿತ್ತು. ಲೋಯಿಸ್ ವೇಗ ಇಳಿಸಿ, ಅದು ಎಬ್ಬಿಸಿದ ಹೊಂಬಣ್ಣದ ಧೂಳಿನಲ್ಲಿ ಅದರ ಹಿಂದೆಯೇ ನಿಧಾನವಾಗಿ ಹೋಗುತ್ತಿದ್ದಳು.