ಪಟೇಲರು ತಮಟೆಯ ಹಿಂದೆ ನಡೆದದ್ದು

ನಾನು ತಮಟೆ. ಹೊಂಗೆಕೊಪ್ಪಲಿನ ಗೂಳಯ್ಯ ಆಡಿನ ಚರ್ಮ ಹದಮಾಡಿ, ಮರದ ಬಳೆಗೆ ಬಿಗಿದು, ಬೆಂಕಿಯ ಮುಂದೆ ಕಾಯಿಸಿ ನನಗೆ ದನಿ ಕೊಟ್ಟ. ಆ ದನಿಯ ಬಗ್ಗೆ ನನಗೆ ಜಂಬ ಇದೆ, ಸುಳ್ಳೇಕೆ ಹೇಳಲಿ? ಕೆರೆಯ ತೂಬು ಎತ್ತುವುದಿರಲಿ, ಅಮಲ್ದಾರರು ಬರುವುದಿರಲಿ, ನಾಲ್ಕು ಬೀದಿಯಲ್ಲೂ ನನ್ನನ್ನು ಬಡಿದು ಸಾರಿದ ಮೇಲೆಯೇ ಊರು ನಂಬುತ್ತಿತ್ತು. ಪಟೇಲರು ಹೇಳಿಕೊಟ್ಟದ್ದನ್ನು ಗೂಳಯ್ಯ ಹಾಗೆಯೇ ಕೂಗಬೇಕು.

ಜಪಾನಿನ ಯುದ್ಧ ನಡೆಯುತ್ತಿತ್ತು. ನಮ್ಮೂರಿನ ಮೊಗಣ್ಣಗೌಡ ಸಿಪಾಯಿಯಾಗಿ ಸಿಂಗಪುರಕ್ಕೆ ಹೋಗಿದ್ದ. ಅವನ ಸುಳಿವು ಸಿಕ್ಕಿಲ್ಲ ಎಂದು ಕಾಗದ ಬಂತು. ಪಟೇಲ್ ಕಲ್ಲೇಗೌಡರು ಮೀಸೆ ತಿರುವಿದರು.

"ಸಿಕ್ಕಿಲ್ಲ ಅಂದ್ರೆ ಇನ್ನೇನ್ಲಾ? ದಂಡು ಬಿಟ್ಟು ಓಡೋಗವ್ನೆ. ಅವನನ್ನಾಗ್ಲಿ ಅವನ ಮನೆಯೋರನ್ನಾಗ್ಲಿ ಯಾರೂ ಸೇರಿಸ್ಬಾರ್ದು ಅಂತ ಸಾರು ಹೋಗು."

ಗೂಳಯ್ಯ ಸಾರಿದ. ನಾನೂ ಎಂದಿನ ಹುರುಪಿನಲ್ಲಿ ಮೊಳಗಿದೆ. ಮರುದಿನದಿಂದ ಮೊಗಣ್ಣನ ಹೆಂಡತಿ ಅಕ್ಕಯ್ಯಮ್ಮ ಬಾವಿಗೆ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ನಾಲ್ಕು ವರ್ಷ ಅವಳು ಒಬ್ಬಳೇ ನೀರು ಸೇದಿದಳು.

ಯುದ್ಧ ಮುಗಿದ ಮೇಲೆ ಇನ್ನೊಂದು ಕಾಗದ ಬಂತು. ಮೊಗಣ್ಣಗೌಡ ಜಪಾನೀಯರ ಸೆರೆಯಲ್ಲಿ ತೀರಿಕೊಂಡಿದ್ದ. ಸರ್ಕಾರ ವಿಷಾದಿಸುತ್ತದೆ ಎಂದು ಅಚ್ಚಾಗಿತ್ತು, ಹೆಸರು ಮಾತ್ರ ಕೈಬರಹದಲ್ಲಿತ್ತು.

ಪಟೇಲರ ಮುಖ ಕಪ್ಪಿಟ್ಟಿತು. ಅಂದೇ ಬಾಳೆಹಣ್ಣು, ವೀಳ್ಯದೆಲೆ ಹಿಡಿದು ಅಕ್ಕಯ್ಯಮ್ಮನ ಹಿತ್ತಿಲ ಬಾಗಿಲಿಗೆ ಹೋದರು. ನನ್ನನ್ನು ಹೆಗಲಿಗೆ ಹಾಕಿಕೊಂಡಿದ್ದ ಗೂಳಯ್ಯ ಬೇಲಿಯ ಆಚೆ ನಿಂತಿದ್ದ.

"ತಪ್ಪಾಯ್ತು ಕಣವ್ವ. ಮನಸ್ಸಿಗೆ ಹಚ್ಕೋಬ್ಯಾಡ."

"ಬೀದೀಲಿ ಸಾರಿಸ್ಬುಟ್ಟು ಹಿತ್ಲಲ್ಲಿ ತಪ್ಪಾಯ್ತು ಅಂತೀರಾ ಪಟೇಲ್ರೇ? ಹಣ್ಣು ನೀವೇ ತಿನ್ನಿ. ಆವತ್ತು ಎಲ್ಲೆಲ್ಲಿ ತಮಟೆ ಬಡಿಸಿದ್ರೋ ಅಲ್ಲೆಲ್ಲ ಬಡಿಸಿ, ನಿಮ್ಮ ಬಾಯಲ್ಲೇ ಹೇಳಿ."

"ನಾನು ಬೀದೀಲಿ ನಿಂತು ತಪ್ಪು ಒಪ್ಕೊಂಡ್ರೆ ನಾಳೆ ನನ್ನ ಮಾತು ಯಾರವ್ವ ಕೇಳ್ತಾರೆ?"

"ಒಪ್ಕೊಳ್ದೇ ಇದ್ರೆ ಯಾರು ಕೇಳ್ತಾರೆ?"

ಭಲೆ ಹೆಣ್ಣೇ! ನನಗೆ ಕೈಯಿದ್ದಿದ್ದರೆ ನಾನೇ ಬಡಿದುಕೊಳ್ಳುತ್ತಿದ್ದೆ.

ಪಟೇಲರು ಮೂರು ದಿನ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಗೂಳಯ್ಯನನ್ನು ಕರೆಸಿ, "ಮೊಗಣ್ಣ ಸತ್ತ ಅಂತ ಸಾರ್ಬುಡು, ಸಾಕು" ಎಂದರು. ಹುಟ್ಟಿದಾಗಿನಿಂದ ಆಗಲ್ಲ ಎನ್ನದ ಗೂಳಯ್ಯ ನನ್ನನ್ನು ಅಂಗಳದಲ್ಲಿ ಇಳಿಸಿ ಕೈಮುಗಿದ.

"ಅರ್ಧ ಮಾತು ಸಾರಾಕಿಲ್ಲ ಬುದ್ಧಿ. ಮಿಕ್ಕರ್ಧ ನೀವು ಹೇಳೋದಾದ್ರೆ ನಡೀರಿ."

ಪಟೇಲರು ರುಮಾಲು ಸುತ್ತಿಕೊಂಡು ಅಂಗಳಕ್ಕೆ ಇಳಿದರು.

ಊರಿಗೆ ಊರೇ ಬೀದಿಗೆ ಬಂತು. ನಾನು ಮೊಳಗಿದೆ. ಮೊದಲ ಬೀದಿಯಲ್ಲಿ ಪಟೇಲರು ಗೊಣಗಿದರು. ಅಕ್ಕಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಕೇಳ್ನಿಲ್ಲ" ಎಂದಳು. ಎರಡನೆಯ ಬೀದಿಯಲ್ಲಿ ಗಂಟಲು ಸರಿಯಾಯಿತು. ನಾಲ್ಕನೆಯದು ಅವಳ ಮನೆಯ ಬೀದಿ. ಅಲ್ಲಿ ಪಟೇಲರು ಕೂಗಿಯೇ ಹೇಳಿದರು: "ಮೊಗಣ್ಣಗೌಡ ಓಡೋಗಿರ್ನಿಲ್ಲ. ಸೆರೇಲಿ ಸತ್ತ. ಸುಳ್ಳು ಸಾರ್ಸಿದೋನು ನಾನು. ತಪ್ಪು ನಂದು."

ಅಲ್ಲಿಗೆ ಮುಗಿಯಬೇಕಿತ್ತು. ಗೂಳಯ್ಯ ಮತ್ತೆ ಕೋಲು ಎತ್ತಿದ. ಯಾರೂ ಹೇಳಿಕೊಡದ ಮಾತನ್ನು ಅವನು ಸಾರಿದ್ದು ಅದೊಂದೇ ಸಲ.

"ಕೂಗಿದ ಬಾಯಿ ನಂದು ತಾಯಿ. ನಂದೂ ತಪ್ಪು."

ಕಾಗದ ಬಂದಾಗ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕಯ್ಯಮ್ಮ ಜಗುಲಿಯ ಮೇಲೆ ಕುಸಿದು, ಗಂಡನ ಹೆಸರು ಹಿಡಿದು ಗೋಳೋ ಎಂದು ಅತ್ತಳು. ಬಾವಿಕಟ್ಟೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕುಳಿತರು.

ಈಗ ನನ್ನ ಚರ್ಮ ಹರಿದಿದೆ. ಗೂಳಯ್ಯನ ಮೊಮ್ಮಗನ ಮನೆಯ ಗೋಡೆಯಲ್ಲಿ ನೇತಾಡುತ್ತಿದ್ದೇನೆ. ಸಾರುವುದಕ್ಕೆ ಪಂಚಾಯಿತಿಯ ಮೈಕು ಬಂದಿದೆ. ಅದರ ದನಿ ನನ್ನದಕ್ಕಿಂತ ದೊಡ್ಡದು, ಒಪ್ಪುತ್ತೇನೆ. ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ಅದರ ಮುಂದೆ ನಿಂತು "ತಪ್ಪು ನಂದು" ಎಂದದ್ದು ನನ್ನ ಕಿವಿಗೆ ಬಿದ್ದಿಲ್ಲ.