ಕಾಗದದಲ್ಲಿಲ್ಲದ ಒಂದು ಮಾತು

ಒಂದು ಕಾಲದಲ್ಲಿ ಈ ದೇಶದ ಸೂರ್ಯ ನನ್ನ ಅಪ್ಪಣೆ ಪಡೆದು ಹುಟ್ಟುತ್ತಿದ್ದ. ನಂಬದವರು ನಂಬದಿರಲಿ, ಸೂರ್ಯನಿಗೆ ಗೊತ್ತು, ನನಗೆ ಗೊತ್ತು. ನಮ್ಮ ರೇಡಿಯೋ ನಿಲಯದ ಸ್ಟುಡಿಯೋ ಬಾಗಿಲ ನೆತ್ತಿಯಲ್ಲಿ ಒಂದು ಕೆಂಪು ದೀಪವಿತ್ತು, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕದು. ಬೆಳಗಿನ ಜಾವ ಅದು ಹತ್ತಿದೊಡನೆ ಕಾವಲುಗಾರ ಕೆಮ್ಮನ್ನು ಗಂಟಲಲ್ಲೇ ಹಿಡಿಯುತ್ತಿದ್ದ, ಅಂಗಳದ ಕಾಗೆ ಕೂಗನ್ನು ಅರ್ಧಕ್ಕೆ ನುಂಗುತ್ತಿತ್ತು. ‘ಈಗ ಸಮಯ ಆರು ಗಂಟೆ’ ಎಂದು ನಾನು ಹೇಳುತ್ತಿದ್ದೆ. ಸೂರ್ಯ ಆಮೇಲೆ. ಒಮ್ಮೆ ಸೀನು ಬಂದು ನಾಲ್ಕು ಕ್ಷಣ ತಡವಾದಾಗ ಮೂರು ಜಿಲ್ಲೆಗಳಲ್ಲಿ ಹಾಲು ಉಕ್ಕಲಿಲ್ಲ.

ನಮ್ಮದು ಮಾತಿನ ನಿಲಯ. ಹಾಡಿಗೂ ವಾದ್ಯಕ್ಕೂ ಬೇರೆ ನಿಲಯಗಳಿದ್ದವು. ನಮ್ಮಲ್ಲಿ ದಿನವಿಡೀ ಬರೀ ಮಾತು. ವಾರ್ತೆ, ರೈತರಿಗೆ ಸಲಹೆ, ಪೇಟೆ ಧಾರಣೆ, ಡಾಕ್ಟರ ಮಾತು, ಮಧ್ಯಾಹ್ನದ ಕತೆ, ಹವಾಮಾನ. ಭಾಷಣಕ್ಕೆ ಒಪ್ಪಿಕೊಂಡವರು ಬಾರದೆ ಹೋದರೆ ಆ ಭಾಷಣವೂ ನನ್ನ ಕೊರಳಿಗೇ.

ನಿಲಯದ ಗೇಟಿನ ಎದುರು ಇಸ್ತ್ರಿ ಗಾಡಿ ಇಟ್ಟಿದ್ದ ಮಾಚಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ತಮ್ಮ ದ್ಯಾವಣ್ಣ ಮೂವತ್ತು ದಾಟಿದ ಗಟ್ಟಿ ಆಳು, ಮನಸ್ಸು ಮಾತ್ರ ಮಗುವಿನದು. ಗಾಡಿಯ ನೆರಳಲ್ಲಿ ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು ಕೂತಿರುತ್ತಿದ್ದ. ಅಕ್ಕ ಕರೆದರೆ ತಿರುಗದವನು ನನ್ನ ಮಾತಿಗೆ ತಪ್ಪುತ್ತಿರಲಿಲ್ಲ. ನಾನು ಮಳೆ ಎಂದರೆ ಸುಡುಬಿಸಿಲಲ್ಲೂ ಬಟ್ಟೆ ಗಂಟು ಕಟ್ಟಿ ಒಳಗಿಡುತ್ತಿದ್ದ. ಕಾಯಿಸಿ ಆರಿಸಿದ ನೀರು ಕುಡಿಯಿರಿ ಎಂದ ದಿನದಿಂದ ನಲ್ಲಿಗೆ ಬಾಯಿ ಒಡ್ಡಿರಲಿಲ್ಲ.

“ಅಷ್ಟೂ ಮಾತು ನಿಮ್ ಬಾಯಿಂದ್ಲೇ ಬತ್ತವಾ ಸ್ವಾಮಿ?” ಎಂದು ಮಾಚಮ್ಮ ಒಮ್ಮೆ ಕೇಳಿದ್ದಳು.

“ಮತ್ತೆ ಪಕ್ಕದ ಮನೆಯವರ ಬಾಯಿಂದ ಬರುತ್ತವಾ? ದೀಪ ಹತ್ತಿದರೆ ಸಾಕು, ತಾನೇ ಹರಿಯುತ್ತೆ. ಇವತ್ತು ಏನು ಹೇಳ್ತೀರಿ ಅಂತ ಮಂತ್ರಿಗಳೇ ಬಂದು ವಿಚಾರಿಸ್ಕೊಂಡು ಹೋಗ್ತಾರೆ.”

“ಹಂಗಾರೆ ಮನೇಲಿ ಅಮ್ಮಾವ್ರಿಗೆ ಒಂದು ಮಾತೂ ಉಳಿಯಾಕಿಲ್ಲ ಬುಡಿ,” ಎಂದು ನಕ್ಕು ಗಾಡಿಯ ಮೇಲೆ ಹಾಸಿದ್ದ ನನ್ನ ಅಂಗಿಯ ಕಾಲರಿಗೆ ಇಸ್ತ್ರಿ ಪೆಟ್ಟಿಗೆ ಒತ್ತಿದಳು. ನಕ್ಕರೂ ನಂಬಿದಳು. ನನ್ನ ಬಡಾಯಿಯನ್ನು ಹೆಂಡತಿ ನಂಬಿರಲಿಲ್ಲ, ಹೆತ್ತವಳೂ ನಂಬಿರಲಿಲ್ಲ. ಲೋಕದಲ್ಲಿ ನಂಬಿದವರು ಈ ಅಕ್ಕ ತಮ್ಮ ಇಬ್ಬರೇ.

ಒಂದು ಬುಧವಾರ ಬೆಳಕು ಹರಿಯುವ ಮೊದಲೇ ಮಾಚಮ್ಮ ಗೇಟಿನಲ್ಲಿ ನಿಂತಿದ್ದಳು. ಗಾಡಿಯ ನೆರಳು ಬರಿದಾಗಿತ್ತು.

“ಸೋಮವಾರ ಹೋದೋನು ಸ್ವಾಮಿ. ಮನುಸ ಅಂದ್ಮೇಲೆ ಒಂದ್ಸಲನಾರಾ ಸಮುದ್ರ ನೋಡ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು? ಅದ ಕೇಳಿದ್ದೇ ರೇಡಿಯೋನ ಬಗಲಲ್ಲಿ ಇಟ್ಕೊಂಡು ಎದ್ದು ಹೊಂಟನಂತೆ. ನಾನು ಬಟ್ಟೆ ಕೊಡಾಕ್ ಹೋಗಿದ್ದೆ. ಟೀ ಅಂಗಡಿಯೋರು ನೋಡವ್ರೆ.”

ನೆನಪಾಯಿತು. ಪ್ರವಾಸದ ಬಗೆಗಿನ ಭಾಷಣ. ಭಾಷಣಕಾರರಿಗೆ ಜ್ವರ ಬಂದು ನಾನು ಹೇಳಿದ್ದೆ; ಅಲೆಗಳ ವರ್ಣನೆ ಬಂದಾಗ ದನಿಯನ್ನು ಸ್ವಲ್ಪ ನಡುಗಿಸಿಯೂ ಇದ್ದೆ.

“ಪೊಲೀಸಿಗೆ ಹೇಳಿದೆಯಾ?”

“ಹೇಳ್ದೆ. ದೊಡ್ಡಾಳು, ಬತ್ತಾನೆ, ಇನ್ನೆರಡು ದಿನ ನೋಡು ಅಂದ್ರು. ಎರಡು ದಿನ ಎಲ್ಲಿಂದ ತರ್ಲಿ ಸ್ವಾಮಿ? ರೇಡಿಯೋದ ಸೆಲ್ಲು ಹಳೇವು, ಇವತ್ತೊಂದು ದಿನ ಬಂದ್ರೆ ಹೆಚ್ಚು. ಆಮ್ಯಾಕೆ ಯಾರು ಕೂಗಿದ್ರೂ ಅವನಿಗೆ ಕೇಳಾಕಿಲ್ಲ. ನಿಮ್ ಮಾತು ಕೇಳಿ ಹೋಗವ್ನೆ, ನಿಮ್ ಮಾತು ಕೇಳಿದ್ರೆ ತಿರುಗ್ತಾನೆ. ‘ದ್ಯಾವಾ, ಅಕ್ಕ ಕಾಯ್ತಾವ್ಳೆ, ಮನೆಗೆ ಬಾ.’ ಇಷ್ಟೇಯ. ನೂರು ಮಾತಾಡೋರಿಗೆ ಇದು ನೂರಾ ಒಂದನೇದು.”

“ಒಂದು ಸಲ ಯಾಕೆ, ಮೂರು ಸಲ ಹೇಳ್ತೀನಿ. ನೀನು ಹೋಗಿ ಇಸ್ತ್ರಿ ಹಾಕು,” ಎಂದೆ.

ಆ ದಿನದ ನನ್ನ ಪ್ರತಾಪವನ್ನು ಮದುವೆ ಮನೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮಧ್ಯಾಹ್ನದ ಕತೆ ಅರ್ಧ ನಿಮಿಷ ಮೊದಲೇ ಮುಗಿಯಿತು. ಗಾಜಿನಾಚೆ ಡ್ಯೂಟಿ ಆಫೀಸರು ವೆಂಕೋಬರಾಯರು, ನಿಯಮಗಳ ರಾಶಿಯ ಮೇಲೆ ಕೂತ ಸಿಂಹ. ನಾನು ಮೈಕಿನತ್ತ ಬಾಗಿ ‘ದ್ಯಾವಾ, ಮನೆಗೆ ಬಾ’ ಎಂದು ಮೂರು ಸಲ ಗುಡುಗಿದೆ. ಆಫೀಸರ ಕನ್ನಡಕ ಕಳಚಿ ಬಿತ್ತು. ದೇಶದಲ್ಲಿರುವ ದ್ಯಾವಣ್ಣಂದಿರೆಲ್ಲ ಕೈಲಿದ್ದ ಕೆಲಸ ಬಿಟ್ಟು ಮನೆಯ ದಾರಿ ಹಿಡಿದರು. ನಮ್ಮ ದ್ಯಾವಣ್ಣ ಸಂಜೆಯ ಬಸ್ಸಿಗೆ ಬಂದಿಳಿದ. ಇಷ್ಟು ಹೇಳಿ, ಕೇಳುವವರು ಚಪ್ಪಾಳೆ ತಟ್ಟುವ ಹೊತ್ತಿಗೆ, ಎಲೆ ಮಡಿಚಿ ಎದ್ದುಬಿಡುತ್ತೇನೆ.

ಬರೆಯಲು ಕೂತಾಗ ಹಾಗೆ ಎದ್ದುಹೋಗಲು ಆಗುವುದಿಲ್ಲ. ಏಕೆಂದರೆ ಮಾಚಮ್ಮ ಅವತ್ತು ಇಸ್ತ್ರಿ ಹಾಕಲು ಹೋಗಲೇ ಇಲ್ಲ.

ನಿಲಯದ ಮೊಗಸಾಲೆಯಲ್ಲಿ, ಸ್ಟುಡಿಯೋ ಬಾಗಿಲಿಗೆ ಎದುರಾಗಿ, ಬಂದವರು ಕೂರಲೆಂದು ಒಂದು ಬೆಂಚು, ಅದರ ಮೇಲೆ ಗೋಡೆಗೆ ಒಂದು ಸ್ಪೀಕರು. ಒಳಗೆ ಆಡಿದ್ದೆಲ್ಲ ಅಲ್ಲಿ ಕೇಳುತ್ತಿತ್ತು. ಕಾವಲುಗಾರ ಕನಿಕರಪಟ್ಟು ಅವಳನ್ನು ಬೆಳಿಗ್ಗೆಯೇ ಅಲ್ಲಿ ಕೂರಿಸಿದ್ದನಂತೆ. ನನ್ನ ಪಾಳಿ ಮುಗಿದು ಹೊರಬಂದಾಗ ಅವಳು ನನ್ನೆದುರು ಎದ್ದು ನಿಂತಳು. ಅವಳನ್ನು ಅಲ್ಲಿ ನಿರೀಕ್ಷಿಸಿರದ ನಾನು, ಅಭ್ಯಾಸಬಲದಿಂದ, “ಹೇಳಿಬಿಟ್ಟೆ ಮಾಚಮ್ಮ, ಮೂರು ಸಲ,” ಎಂದೆ.

ಅವಳು ಸಿಟ್ಟಾಗಲಿಲ್ಲ. ಪಾಠ ಒಪ್ಪಿಸುವವಳಂತೆ ಬೆರಳು ಮಡಚುತ್ತ ಹೋದಳು.

“ಬೆಳಿಗ್ಗೆ ವಾರ್ತೆ ಹೇಳಿದ್ರಿ. ಸಸಿಗೆ ಹುಳ ಬಿದ್ರೆ ಬೂದಿ ಎರಚಿ ಅಂದ್ರಿ. ತೊಗರಿ ಮೇಲಕ್ಕೆ, ಬೆಲ್ಲ ಕೆಳಕ್ಕೆ ಅಂದ್ರಿ. ಬಾಣಂತೀರು ಸೊಪ್ಪು ತಿನ್ಬೇಕು ಅಂದ್ರಿ. ಯಾವುದೋ ರಾಜನ ಕತೆ ಬಂತು. ಅದು ಮುಗಿದ್ಮೇಲೆ ಸುಮ್ಕಾದ್ರಿ. ನೀವು ಉಸುರು ಎಳ್ಕೊಂಡಿದ್ದು ಕೇಳುಸ್ತು ಸ್ವಾಮಿ. ಈಗ ಹೇಳ್ತಾರೆ ಅಂತ ನಾನು ಎದ್ದು ನಿಂತ್ಕೊಂಡೆ. ಆಮ್ಯಾಕೆ ನೀವು, ಗಂಟೆ ಎರಡು ಅಂದ್ರಿ.”

ನನಗೆ ಸುಳ್ಳು ಹೊಳೆಯದ ಗಳಿಗೆ ಅಂದರೆ ಅದೊಂದೇ.

“ಆ ಮಾತುಗಳು ನನ್ನವಲ್ಲ ಮಾಚಮ್ಮ,” ಎಂದೆ. “ಯಾರೋ ಬರೆದು ಕೊಡ್ತಾರೆ, ನಾನು ಓದ್ತೀನಿ. ಕಾಗದದಲ್ಲಿ ಇಲ್ಲದ ಒಂದು ಮಾತೂ ಇಷ್ಟು ವರ್ಷದಲ್ಲಿ ನನ್ನ ಬಾಯಿಂದ ಬಂದಿಲ್ಲ. ಇವತ್ತು ಬಾಯಿ ತೆರೆದೆ. ರಾಯರು ತಲೆ ಎತ್ತಿ ನೋಡಿದರು. ಬರೀ ನೋಡಿದರು. ಹೆದರಿಬಿಟ್ಟೆ.”

“ಬರ್ಕೊಡಿ ಅಂತ ಅವರನ್ನಾರಾ ಕೇಳ್ಬೋದಿತ್ತಲ್ಲ?”

“ಕೇಳಲಿಲ್ಲ.”

ಕೇಳಿದ್ದರೆ ರಾಯರು ಕೊಡುತ್ತಿದ್ದರೋ ಏನೋ. ಗದರುವವರಾದರೂ ಕಟುಕರಲ್ಲ. ಆದರೆ ಇಸ್ತ್ರಿಯವಳ ಮುಂದೆ ನಾನು ಏನೇನು ಕೊಚ್ಚಿಕೊಂಡಿದ್ದೆ ಎಂಬುದೆಲ್ಲ ಹೊರಬೀಳುತ್ತಿತ್ತು. ಅವರ ನಗೆಗೆ ಅಂಜಿದೆ. ಶನಿವಾರ ಠಾಣೆಯ ಮೊಹರು ಹೊತ್ತ ಕಾಗದ ಬಂತು: ನೀಲಿ ಅಂಗಿ, ಎಡ ಹುಬ್ಬಿನ ಮೇಲೆ ಗಾಯದ ಗುರುತು, ಕಂಡವರು ತಿಳಿಸಬೇಕು. ಅಕ್ಷರ ಅಕ್ಷರವನ್ನೂ ಬಿಡಿಸಿ ಚೆನ್ನಾಗಿಯೇ ಓದಿದೆ. ಅದರಲ್ಲಿ ‘ಮನೆಗೆ ಬಾ’ ಎಂದು ಇರಲಿಲ್ಲ. ದ್ಯಾವಣ್ಣ ಬರಲೂ ಇಲ್ಲ.

ಆದರೆ ಅದು ಶನಿವಾರದ ಮಾತು. ಆ ಬುಧವಾರ ಸಂಜೆ ಮಾಚಮ್ಮ ನನ್ನ ಬಾಯನ್ನೇ ನೋಡಿದಳು, ಅದನ್ನು ಮೊದಲ ಸಲ ಕಂಡವಳಂತೆ.

“ಹಂಗಾರೆ ಆ ಸಮುದ್ರ?” ಎಂದಳು. “ಅಷ್ಟು ಚೆಂದಾಗಿ ಹೇಳಿದ್ರಲ್ಲ.”

“ನಾನೂ ನೋಡಿಲ್ಲ.”

ಅವಳ ತುಟಿ ಇನ್ನೇನನ್ನೋ ಹೇಳಲು ಅಲುಗಿತು. ಅಷ್ಟರಲ್ಲಿ ಬಾಗಿಲ ನೆತ್ತಿಯ ಕೆಂಪು ದೀಪ ಹತ್ತಿತು; ಒಳಗೆ ಮುಂದಿನ ಪಾಳಿಯವನು ಕೂತಿದ್ದ. ಕಾವಲುಗಾರ ತುಟಿಯ ಮೇಲೆ ಬೆರಳಿಟ್ಟ. ಇಬ್ಬರೂ ಬಾಯಿ ಮುಚ್ಚಿದೆವು. ಕರಾವಳಿಯಲ್ಲಿ ಗಾಳಿ ಜೋರಾಗುವ ಸಂಭವವಿದೆ, ಬೆಸ್ತರು ದಡ ಬಿಡಬಾರದು ಎಂದು ಸ್ಪೀಕರು ಹೇಳುತ್ತಿತ್ತು. ಮಾಚಮ್ಮ ನನಗೆ ಬೆನ್ನು ಮಾಡಿ, ಸೆರಗನ್ನು ಕಿವಿಯಿಂದ ಸರಿಸಿ, ಮುಖವೆತ್ತಿ ಕೇಳುತ್ತ ನಿಂತಳು, ಇವನಾದರೂ ಹೇಳಿಯಾನು ಎಂಬಂತೆ.